ಭಾನುವಾರದ ಹಿತಕಿದ ಬೇಳೆ

ನಮ್ಮ ಹೈಸ್ಕೂಲಿನ ಮೇಷ್ಟ್ರು ಊಟಕ್ಕೆ ಬರಲು ಒಪ್ಪಿದ್ದು, ಬಿಡುವಿದ್ದದ್ದೇ ಅಂದು ಎಂದು, ಭಾನುವಾರಕ್ಕೆ. ಮಂಡ್ಯದ ಕಡೆಯ ಒಕ್ಕಲು ಮನೆಯಲ್ಲಿ ಭಾನುವಾರ ಎಂದರೇನು ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಶನಿವಾರ ಸಂಜೆಯಿಂದಲೇ ಅವ್ವನಿಗೆ ಕೈಕಾಲು ಆಡಲಿಲ್ಲ. "ಈರುಳ್ಳಿ ಬೆಳ್ಳುಳ್ಳಿ ನಡೀತದಂತಾ? ಕೇಳ್ಲಾ ಮೊದ್ಲು" ಎಂದಳು. ನಡೆಯುತ್ತದೆ ಎಂದು ಗೊತ್ತಾದ ಮೇಲೆ ಅರ್ಧ ಜೀವ ಬಂತು. ಬಾಡಿನ ಪಾತ್ರೆಗಳು ನಮ್ಮಲ್ಲಿ ಮೊದಲಿಂದಲೂ ಬೇರೆಯೇ, ಹಿತ್ತಲಲ್ಲಿ ಬೋರಲು ಬಿದ್ದಿರುತ್ತವೆ. ಆದರೂ ಒಳಗಿನವನ್ನೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದಳು. ಒರಳುಕಲ್ಲಿಗೆ ಮೂರು ಸಲ ನೀರು. ತಟ್ಟೆಯ ಅನುಮಾನವೇ ಬೇಡವೆಂದು ಬಾಳೆಲೆ. ಕೊನೆಗೆ ಗೂಡಿನಲ್ಲಿದ್ದ ಆರು ನಾಟಿ ಮೊಟ್ಟೆಗಳನ್ನು ಕದ್ದ ಮಾಲಿನಂತೆ ರಾಗಿ ಡಬ್ಬದೊಳಗೆ ಹೂತಿಟ್ಟಳು.

ನನಗೆ ಸೋಜಿಗವೆನಿಸಿದ್ದು ಈ ಗಾಬರಿ. ಸೋಮವಾರ ಬಾಡು ಮುಟ್ಟುವವಳಲ್ಲ, ಶನಿವಾರ ಮುಟ್ಟುವವಳಲ್ಲ, ಶ್ರಾವಣವಿಡೀ ಅದರ ಮಾತೇ ಇಲ್ಲ. ಯುಗಾದಿಗೆ ಒಬ್ಬಟ್ಟು, ಬಾಡೇನಿದ್ದರೂ ಮಾರನೇ ದಿನದ ಹೊಸತೊಡಕಿಗೆ. ಮಿಕ್ಕ ದಿನ ಬಸ್ಸಾರು, ಉಪ್ಸಾರು, ಇದ್ದ ಸೊಪ್ಪು ಕಾಳು. 2014ರ ಕೇಂದ್ರ ಸರ್ಕಾರದ ಸಮೀಕ್ಷೆಯೊಂದು ಕರ್ನಾಟಕದಲ್ಲಿ 15 ವರ್ಷ ತುಂಬಿದವರಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳೆಂದು ಲೆಕ್ಕ ಕೊಟ್ಟಿತು. ಅವ್ವನನ್ನು ಸೋಮವಾರ ಕೇಳಿದ್ದರೆ ಏನನ್ನುತ್ತಿದ್ದಳೋ! ವಾರವೆಲ್ಲ ಸೊಪ್ಪು ಬೇಯಿಸುವವಳಿಗೆ, ಸೊಪ್ಪು ತಿನ್ನುವವರೊಬ್ಬರು ಬರುತ್ತಾರೆಂದರೆ ಎದೆ ಢವಗುಟ್ಟಬೇಕೆ?

ಅಜ್ಜಿಯ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅಂಥವರು ಬಂದರೆ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟುಕೊಟ್ಟರಾಯಿತು, ಅವರೇ ಬೇಯಿಸಿಕೊಳ್ಳುತ್ತಿದ್ದರು. ಇಲ್ಲವೇ ಹಾಲು, ಬಾಳೆಹಣ್ಣು. ಅದನ್ನು ಆತಿಥ್ಯ ಎನ್ನಲು ನನಗಂತೂ ಮನಸ್ಸಿಲ್ಲ.

ಅವರೆಕಾಯಿಯ ಕಾಲ. ಕಾಳು ನೆನೆಹಾಕಿ ಮನೆಮಂದಿಯೆಲ್ಲ ಕೂತು ಹಿತುಕಿದೆವು. "ಭಾನುವಾರಾನೂ ಪುಳ್ಚಾರಾ?" ಎಂದು ಗೊಣಗುತ್ತಲೇ ತಮ್ಮನೂ ಹಿತುಕಿದ, ಅವನ ಸಿಟ್ಟಿಗೆ ಬೇಳೆಗಳು ಪಿಚಕ್ಕೆಂದು ಹಾರಿ ಗೋಡೆಗೆ ಬಡಿಯುತ್ತಿದ್ದವು.

ಮೇಷ್ಟ್ರು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದರು. ಎರಡನೇ ಸಲ ಬಡಿಸಿಕೊಂಡರು. "ಏನಮ್ಮಾ ಹಾಕಿದ್ದೀರಿ ಇದಕ್ಕೆ? ನಮ್ಮನೇಲಿ ಈ ರುಚಿ ಬರೋದೇ ಇಲ್ಲವಲ್ಲ!" ಸೌಟು ಹಿಡಿದ ಅವ್ವ ನನ್ನ ಮುಖ ನೋಡಿದಳು. ಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಗಸಗಸೆ. ಎಲ್ಲ ಭಾನುವಾರಗಳ ಖಾರವೇ ಅದು. ಅವತ್ತು ಕೋಳಿ ಮಾತ್ರ ಹಿತ್ತಲಲ್ಲಿ ತಿಪ್ಪೆ ಕೆದಕುತ್ತಿತ್ತು.

"ಮನೆ ಖಾರ ಮೇಷ್ಟ್ರೇ. ಇನ್ನೊಂಚೂರು ಬಿಡ್ಲಾ?"

ಅವರನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ತಮ್ಮ ರಾಗಿ ಡಬ್ಬಕ್ಕೆ ಕೈ ಹಾಕಿದ್ದ. ಅವ್ವ ಗದರಿಸಿದಳು: "ಈಗ್ತಾನೆ ಪಾತ್ರೆ ಉಜ್ಜಿಟ್ಟಿವ್ನಿ. ನಾಳೆ ಸ್ವಾಮಾರ ಬೇರೆ. ಮುಚ್ಲಾ."

ಮೊಟ್ಟೆಗಳು ಮಂಗಳವಾರದವರೆಗೂ ರಾಗಿಯೊಳಗೇ ಇದ್ದವು.