ಹಿಮದ ನಾಡಿಗೆ ಓದಲು ಹೋಗುವವರಿಗೆ

ಶಿವರಾತ್ರಿ ಬಂದರೆ ಚಳಿಯು ‘ಶಿವ ಶಿವಾ’ ಎಂದು ಓಡಿಹೋಗುವುದೆಂಬುದು ನಮ್ಮ ಹಿರಿಯರ ಮಾತು. ನಮ್ಮ ನಾಡಿನ ಚಳಿಗೆ ಇದು ಒಪ್ಪುವ ಮಾತೇ ಸರಿ. ಧನುರ್ಮಾಸದ ಬೆಳಗಿನಲ್ಲಿ ಹೊದೆಯಲು ಒಂದು ಶಾಲು, ಕುಡಿಯಲು ಒಂದು ಲೋಟ ಬಿಸಿ ಕಾಫಿ, ಹಂಡೆಯ ಒಲೆಯ ಮುಂದೆ ಕೂಡಲು ಸ್ವಲ್ಪ ಸ್ಥಳ, ಇಷ್ಟಿದ್ದರೆ ನಮ್ಮ ಚಳಿಗಾಲದ ಸಿದ್ಧತೆ ಮುಗಿಯಿತು. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆಯು 1884ನೆಯ ಇಸವಿಯ ಜನವರಿ ತಿಂಗಳಿನ 7.8 ಡಿಗ್ರಿ ಸೆಲ್ಷಿಯಸ್. ಇಂತಹ ನಾಡಿನಲ್ಲಿ ಬೆಳೆದ ಮಕ್ಕಳು ಇಂದು ವ್ಯಾಸಂಗಕ್ಕಾಗಿ ಹಿಮದ ದೇಶಗಳಿಗೆ ಹೊರಡುತ್ತಿದ್ದಾರೆ. ಅವರನ್ನು ಕಳುಹಿಸಿಕೊಡುವ ಮನೆಗಳವರಿಗೆ ನಮ್ಮ ಅನುಭವದ ನಾಲ್ಕು ಮಾತುಗಳು ಉಪಯೋಗಕ್ಕೆ ಬಂದಾವೆಂದು ಇದನ್ನು ಬರೆಯುತ್ತಿದ್ದೇವೆ.

ನಾವು ಕನ್ನಡದ ಹುಡುಗರು ಮೂವರು ಕೆನಡಾ ದೇಶದ ವಿನ್ನಿಪೆಗ್ ನಗರಕ್ಕೆ ಹೋಗಿ, ಅಲ್ಲಿನ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತ, ಒಂದು ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ ಎರಡು ಚಳಿಗಾಲಗಳನ್ನು ಕಳೆದೆವು. ಆ ಊರು ಭೂಖಂಡದ ನಡುವಣ ಬಯಲಿನಲ್ಲಿದೆ. ಚಳಿಯನ್ನು ಹದಗೊಳಿಸಲು ಸಮುದ್ರವು ಹತ್ತಿರವಿಲ್ಲ. ಉತ್ತರದ ಗಾಳಿಯನ್ನು ತಡೆಯಲು ಬೆಟ್ಟಗಳಿಲ್ಲ. ಜನವರಿಯಲ್ಲಿ ಹಗಲಿರುಳುಗಳ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗೆ. 1879ನೆಯ ಡಿಸೆಂಬರಿನಲ್ಲಿ ಒಮ್ಮೆ ಸೊನ್ನೆಗಿಂತ 47.8 ಡಿಗ್ರಿಗಳಷ್ಟು ಕೆಳಗಿಳಿದಿತ್ತೆಂದು ದಾಖಲೆಯಿದೆ. ಶಿವರಾತ್ರಿಯೇನು, ಯುಗಾದಿಯಂದು ಕೂಡ ನಾವು ಹಿಮವನ್ನು ತುಳಿದುಕೊಂಡೇ ಬೇವುಬೆಲ್ಲವನ್ನು ತಿಂದೆವು.

ಇಂತಹ ಊರಿಗೆ ಮಗನು ಹೊರಟನೆಂದರೆ ತಾಯಿಯ ಕೈ ಮೊದಲು ಕಂಬಳಿಯ ಕಡೆಗೆ ಹೋಗುವುದು ಸಹಜ. ಆದರೆ ವಿಮಾನದ ಪೆಟ್ಟಿಗೆಗೆ ತೂಕದ ಮಿತಿಯುಂಟು. ದಪ್ಪ ಕೋಟನ್ನೂ ಹಿಮದ ಬೂಟನ್ನೂ ಅಲ್ಲಿಯೇ ಕೊಳ್ಳತಕ್ಕದ್ದು. ನಮ್ಮ ಊರುಗಳ ಚಳಿಗೆಂದು ಹೊಲಿದ ಕೋಟು ಅಲ್ಲಿನ ಗಾಳಿಯನ್ನು ತಡೆಯಲಾರದು. ಇಲ್ಲಿಂದ ಒಯ್ಯಲು ಯೋಗ್ಯವಾದವು ಉಣ್ಣೆಯ ಕಾಲುಚೀಲಗಳು, ಕಿವಿ ಮುಚ್ಚುವ ಕುಲಾವಿ, ತೆಳ್ಳಗಿನ ಉಣ್ಣೆಯ ಒಳಂಗಿಗಳು. ಕೊಳ್ಳುವ ಕೆಲಸವನ್ನು ಸೆಪ್ಟೆಂಬರಿನಲ್ಲಿಯೇ ಮುಗಿಸುವುದು ಜಾಣತನ. ಹೊಸ ಕೋಟಿನ ಬೆಲೆ ವಿದ್ಯಾರ್ಥಿಯ ಕೈಗೆ ಭಾರವೆನಿಸಿದರೆ, ಬಳಸಿದ ಬಟ್ಟೆಗಳನ್ನು ಮಾರುವ ಅಂಗಡಿಗಳು ಅಲ್ಲಿ ಉಂಟು. ನಮ್ಮಲ್ಲೊಬ್ಬನ ಕೋಟು ಅಂತಹ ಅಂಗಡಿಯದು. ಪರರು ಉಟ್ಟು ಬಿಟ್ಟ ಬಟ್ಟೆಯೆಂದು ಊರಿನಲ್ಲಿ ಅವನ ಅಜ್ಜಿ ನೊಂದುಕೊಂಡರು. ಒಗೆದು ಉಡುವುದಕ್ಕೆ ದೋಷವಿಲ್ಲವೆಂದು ಅವರ ಮನಸ್ಸನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಕೋಟಾದರೋ ಎರಡು ವರ್ಷ ಅವನನ್ನು ಕಾಪಾಡಿತು.

ಉಡುಪಿನ ವಿಷಯದಲ್ಲಿ ತಿಳಿಯಬೇಕಾದ ಗುಟ್ಟು ಒಂದೇ. ಬಟ್ಟೆಯು ತಾನಾಗಿ ಶಾಖವನ್ನು ಕೊಡುವುದಿಲ್ಲ. ಮೈಯ ಶಾಖವು ಹೊರಟುಹೋಗದಂತೆ ನಡುವೆ ಗಾಳಿಯನ್ನು ಹಿಡಿದಿಡುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿಯುವ ಕೌದಿಯನ್ನು ನೆನೆದುಕೊಂಡರೆ ಈ ಮಾತು ತಟ್ಟನೆ ತಿಳಿಯುವುದು. ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿಗಳು ಮೇಲು. ಮೈಗೆ ತಗಲುವ ಅಂಗಿಯು ಹತ್ತಿಯದಾಗಿರಬಾರದು. ಹತ್ತಿಯು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗೆ ಮಾಡುತ್ತದೆ. ಬೆರಳುಗಳನ್ನು ಬೇರೆ ಬೇರೆಯಾಗಿರಿಸುವ ಕೈಗವಸಿಗಿಂತ ನಾಲ್ಕು ಬೆರಳುಗಳೂ ಒಟ್ಟಿಗಿರುವ ಕೈಚೀಲವು ಹೆಚ್ಚು ಬೆಚ್ಚಗೆ. ಬೂಟು ಬಿಗಿಯಾಗಿದ್ದರೆ ರಕ್ತದ ಓಟ ಕುಗ್ಗಿ ಕಾಲು ಮರಗಟ್ಟುವುದರಿಂದ, ದಪ್ಪ ಕಾಲುಚೀಲವನ್ನು ತೊಟ್ಟುಕೊಂಡೇ ಅಳತೆ ನೋಡಬೇಕು.

ಅಲ್ಲಿ ಉಷ್ಣತೆಯ ಅಂಕೆಯೊಂದನ್ನೇ ನೋಡಿದರೆ ಸಾಲದು. ಗಾಳಿಯನ್ನೂ ಲೆಕ್ಕಕ್ಕೆ ಹಿಡಿದ ಇನ್ನೊಂದು ಅಂಕೆಯನ್ನು ಹವಾಮಾನದವರು ಹೇಳುತ್ತಾರೆ. ಅದು ಸೊನ್ನೆಗಿಂತ 28ರ ಕೆಳಗಿಳಿದರೆ, ತೆರೆದಿಟ್ಟ ಚರ್ಮವು 10ರಿಂದ 30 ನಿಮಿಷಗಳೊಳಗೆ ಹೆಪ್ಪುಗಟ್ಟಬಹುದು. ಬಸ್ಸು ಬರುವ ಹೊತ್ತನ್ನು ನೋಡಿಕೊಂಡೇ ನಾವು ಮನೆಯಿಂದ ಹೊರಡುತ್ತಿದ್ದುದು ಇದಕ್ಕಾಗಿ. ವಿದ್ಯಾನಿಲಯದ ಹಲವು ಕಟ್ಟಡಗಳ ನಡುವೆ ನೆಲದಡಿಯ ಸುರಂಗದಾರಿಗಳಿರುವುದು ಆ ದಿನಗಳಲ್ಲಿ ದೊಡ್ಡ ಉಪಕಾರ. ಕಿವಿಯೋ ಬೆರಳೋ ಸ್ಪರ್ಶ ತಿಳಿಯದಂತೆ ಬಿಳಿಚಿಕೊಂಡರೆ ಉಜ್ಜಬಾರದು. ಒಳಗೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿರಿಸಿ, ವೈದ್ಯರನ್ನು ಕಾಣಬೇಕು. ಮನೆಯೊಳಗಿನ ಬೆಚ್ಚನೆಯ ಗಾಳಿಯಾದರೋ ಬಹಳ ಒಣಗಿದ್ದು. ತುಟಿ ಹಿಮ್ಮಡಿಗಳು ಬಿರಿಯುತ್ತವೆ. ಅಮ್ಮಂದಿರು ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆಯು ನೆಲಮಾಳಿಗೆಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿರುತ್ತಿತ್ತು. ಚಮಚದಿಂದ ಕೆರೆದು ತೆಗೆದು ಹಚ್ಚಿಕೊಳ್ಳುತ್ತಿದ್ದೆವು.

ಇವೆಲ್ಲ ಹಣವನ್ನೂ ಎಚ್ಚರವನ್ನೂ ಬೇಡುವ ಸಿದ್ಧತೆಗಳು. ಇವಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಹಗಲು ಕೇವಲ 8 ಗಂಟೆಗಳಷ್ಟು. ಸಂಜೆ ನಾಲ್ಕೂವರೆಗೆ ಸೂರ್ಯಾಸ್ತ. ಮೊದಲನೆಯ ವರ್ಷದ ಜನವರಿಯಲ್ಲಿ, ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದ ಹಾಸನದ ಗೆಳೆಯನು ಮೆಲ್ಲಮೆಲ್ಲಗೆ ಮೌನಿಯಾದನು. ತರಗತಿಗೆ ಹೋಗುವುದು ತಪ್ಪಿತು. ಹಸಿವಿಲ್ಲವೆಂದು ಮಲಗಿಯೇ ಇರತೊಡಗಿದನು. ಊರಿನಿಂದ ಕರೆ ಬಂದರೆ ಮಾತ್ರ ದನಿಯನ್ನು ಹಗುರ ಮಾಡಿಕೊಂಡು, ‘ಚಳಿಯೇನೂ ಇಲ್ಲಮ್ಮ, ಚೆನ್ನಾಗಿದ್ದೇನೆ’ ಎನ್ನುತ್ತಿದ್ದನು. ಅವನ ಕೋಟು ನಮ್ಮೆಲ್ಲರ ಕೋಟಿಗಿಂತ ಒಳ್ಳೆಯದಾಗಿತ್ತು.

ನಾಲ್ಕನೆಯ ದಿನ ನಾವಿಬ್ಬರು ಅವನನ್ನು ಎಬ್ಬಿಸಿ ವಿದ್ಯಾರ್ಥಿಗಳ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಬೆಳಕು ಕಡಮೆಯಾಗುವ ತಿಂಗಳುಗಳಲ್ಲಿ ಹಲವರ ಮನಸ್ಸು ಹೀಗೆ ಕುಗ್ಗುವುದುಂಟೆಂದೂ ಅದಕ್ಕೆ ಚಿಕಿತ್ಸೆಯಿದೆಯೆಂದೂ ಅವರು ಹೇಳಿದರು. ಅಂದಿನಿಂದ ಮನೆಯಲ್ಲಿ ಎರಡು ಕಟ್ಟಳೆಗಳನ್ನು ಮಾಡಿಕೊಂಡೆವು. ನಡುಹಗಲಿನಲ್ಲಿ ಬಿಸಿಲಿದ್ದು ಗಾಳಿ ಬಿರುಸಾಗಿಲ್ಲದಿದ್ದರೆ ಮೂವರೂ ಅರ್ಧ ಗಂಟೆ ಹೊರಗೆ ನಡೆಯುವುದು. ಎಷ್ಟೇ ಓದಿರಲಿ, ರಾತ್ರಿಯ ಸಾರನ್ನವನ್ನು ಒಬ್ಬೊಬ್ಬರಾಗಿ ಉಣ್ಣದಿರುವುದು. ಮಾರ್ಚಿನ ಹೊತ್ತಿಗೆ ಅವನು ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಮ್ಮನ್ನು ಬೈಯುವಷ್ಟು ಚೇತರಿಸಿಕೊಂಡಿದ್ದನು. ಎರಡನೆಯ ಚಳಿಗಾಲಕ್ಕೆ ಈ ಕಟ್ಟಳೆಗಳನ್ನು ಅಕ್ಟೋಬರಿನಿಂದಲೇ ಆರಂಭಿಸಿದೆವು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ಅರಿಕೆಯಿಷ್ಟೇ. ಮಗಳೋ ಮಗನೋ ಹೊರಡುವಾಗ ಕೋಟಿಗೆ ಹಣವನ್ನು ಕೂಡಿಸಿಡುವಂತೆಯೇ, ಜೊತೆಗೆ ಉಣ್ಣುವವರು ಇಬ್ಬರಾದರೂ ಇರುವ ಮನೆಯನ್ನು ಹುಡುಕಿಕೊಳ್ಳುವಂತೆ ಹೇಳಿರಿ. ಕರೆ ಮಾಡಿದಾಗ ‘ಚಳಿಯೇ?’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುವುದು. ಇಂದು ಯಾರೊಡನೆ ಊಟ ಮಾಡಿದೆ, ಎಷ್ಟು ಹೊತ್ತು ಬಿಸಿಲಿನಲ್ಲಿ ನಡೆದೆ ಎಂದು ಕೇಳಿರಿ.