ಗದ್ದಕ್ಕಿಟ್ಟ ಬೆರಳು

ಹೋದ ಚಳಿಗಾಲದಲ್ಲಿ ಅಮ್ಮನ ಕತ್ತು ಎಡಕ್ಕೆ ವಾಲತೊಡಗಿತು. ಅಮೆರಿಕದ ಜಾರ್ಜ್‌ಟೌನ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಅವಳ ಮುಖ ಕಿಟಕಿಯ ಕಡೆಗೆ ತಿರುಗಿರುತ್ತಿತ್ತು. "ನೆಟ್ಟಗೆ ಕೂತ್ಕೋಬಾರ್ದೇನಮ್ಮಾ?" ಎಂದು ಗದರುತ್ತಿದ್ದೆ. ಅವಳು ತೋರುಬೆರಳನ್ನು ಗದ್ದಕ್ಕೆ ಮೆಲ್ಲಗೆ ಮುಟ್ಟಿಸುತ್ತಿದ್ದಳು, ತಲೆ ನೇರವಾಗುತ್ತಿತ್ತು. ಬೆರಳು ತೆಗೆದರೆ ಮತ್ತೆ ಎಡಕ್ಕೆ. ಸ್ಯಾನ್ ಗೇಬ್ರಿಯಲ್ ಹೊಳೆಯ ದಂಡೆಗೆ ವಾಕಿಂಗ್ ಬರುವುದನ್ನೂ ಬಿಟ್ಟಳು. ಇದು ಕಾಯಿಲೆಯಲ್ಲ, ಊರಿಗೆ ಹೋಗುವ ಹಟ ಎಂದು ಹೆಂಡತಿಗೆ ಹೇಳಿದೆ, ಅಮ್ಮನಿಗೆ ಕೇಳಿಸುವಷ್ಟು ಜೋರಾಗಿ.

ಐದು ತಿಂಗಳ ಮೇಲೆ ಆಸ್ಟಿನ್‌ನ ನರರೋಗ ತಜ್ಞೆಯೊಬ್ಬರಿಗೆ ತೋರಿಸಿದೆ. ಅವರು ಮೊದಲು ಗಮನಿಸಿದ್ದೇ ಆ ಬೆರಳನ್ನು. ಇದು ಡಿಸ್ಟೋನಿಯಾ ಎಂದರು. ಈ ಕಾಯಿಲೆಯಲ್ಲಿ ಮಿದುಳಿನ ಅಪ್ಪಣೆ ಹದತಪ್ಪಿ ಸ್ನಾಯುಗಳು ತಾವಾಗಿಯೇ ಬಿಗಿದು ತಿರುಚಿಕೊಳ್ಳುತ್ತವೆ. ಹೀಗೆ ಹಗುರಾಗಿ ಮುಟ್ಟಿದರೆ ಎಷ್ಟೋ ಜನರಲ್ಲಿ ಆ ಬಿಗಿತ ಗಳಿಗೆಮಟ್ಟಿಗೆ ಸಡಿಲುತ್ತದಂತೆ. ನಾನು ಹಟಕ್ಕೆ ಸಾಕ್ಷಿ ಎಂದುಕೊಂಡದ್ದು ರೋಗದ ಗುರುತಾಗಿತ್ತು.

ವಯಸ್ಸಾದವರಲ್ಲಿ ಇದು ಪಾರ್ಶ್ವವಾಯುವಿನಿಂದ ಬರಬಹುದು, ಪಾರ್ಕಿನ್ಸನ್ ಕಾಯಿಲೆಯಿಂದ ಬರಬಹುದು, ಕೆಲವು ಮದ್ದುಗಳಿಂದಲೂ ಬರಬಹುದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ತಿನ್ನುವ ಮಾತ್ರೆಗಳನ್ನೆಲ್ಲ ತೋರಿಸಿ ಎಂದರು. ಅವುಗಳಲ್ಲಿ ಅಮ್ಮ ನಾಲ್ಕು ವರ್ಷದಿಂದ ಗ್ಯಾಸ್ಟ್ರಿಕ್‌ಗೆಂದು ನುಂಗುತ್ತಿದ್ದ ಮಾತ್ರೆಯೂ ಇತ್ತು. ಅದರಲ್ಲಿದ್ದದ್ದು ಲೆವೊಸಲ್ಪಿರೈಡ್. ನಮ್ಮ ಕಡೆ ಆ್ಯಸಿಡ್ ಇಳಿಸುವ ಮದ್ದಿನ ಜೊತೆ ಬೆರೆಸಿ ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಅನುಮತಿಯೇ ಇಲ್ಲ. ಇದು ಮಿದುಳಿನ ಡೋಪಮೈನ್ ಅನ್ನು ಅಡ್ಡಗಟ್ಟುವ ಮದ್ದು; ಇಂಥವು ಡಿಸ್ಟೋನಿಯಾ ತರಬಲ್ಲವು. ಅದೇ ಗುಣದ ಮೆಟೊಕ್ಲೊಪ್ರಮೈಡ್ ಅನ್ನು 12 ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿತ್ತು. ಅಮ್ಮನಿಗೆ ಊರಿನಲ್ಲಿ ಆ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಟ್ಟಿದ್ದು ಒಂದು ತಿಂಗಳಿಗೆ. ಆಮೇಲೆ ಬೆಂಗಳೂರಿನಿಂದ ಬರುವವರ ಸೂಟ್‌ಕೇಸಿನಲ್ಲೆಲ್ಲ ಸ್ಟ್ರಿಪ್‌ಗಟ್ಟಲೆ ತರಿಸಿದವನು ನಾನು. ಅದರ ಹಿಂದೆ ಅಚ್ಚಾಗಿದ್ದ ಹೆಸರನ್ನು ಒಂದು ದಿನವೂ ಓದಲಿಲ್ಲ.

ಮಾತ್ರೆ ನಿಂತಿದೆ; ಕತ್ತು ಪೂರ್ತಿ ಸರಿಹೋಗಿಲ್ಲ. ಮದ್ದಿನಿಂದ ಬಂದ ಡಿಸ್ಟೋನಿಯಾ ಮದ್ದು ಬಿಟ್ಟರೂ ಉಳಿಯಬಹುದು. ಮೂರು ತಿಂಗಳಿಗೊಮ್ಮೆ ಕತ್ತಿನ ಸ್ನಾಯುಗಳಿಗೆ ಬೊಟಾಕ್ಸ್ ಚುಚ್ಚುತ್ತಾರೆ. ಮೊದಲ ಸಲ ಚುಚ್ಚಿಸಿಕೊಂಡು ಎರಡು ವಾರವಾದ ಮೇಲೆ ಊಟದ ಮೇಜಿನಲ್ಲಿ ಅಮ್ಮ ಬೆರಳಿನ ಆಸರೆಯಿಲ್ಲದೆ ನನ್ನನ್ನು ನೋಡಿದಳು. "ಸೊರಗಿದ್ದೀಯಲ್ಲೋ" ಎಂದಳು. ತಪ್ಪಾಯಿತಮ್ಮಾ ಎಂದೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಇವತ್ತೇ ತೆರೆದು ನೋಡಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಡಬ್ಬಿ ಸಮೇತ ವೈದ್ಯರ ಹತ್ತಿರ ಹೋಗಿ.