ಕುಮಾರ ಪರ್ವತದ ಕಾಲುದಾರಿಗೂ ಕಾವಲು ಬೇಕು

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗದ ಕನ್ನಡಿಗರು ಕಡಿಮೆ. ದರ್ಶನ, ಪ್ರಸಾದ, ಮಧ್ಯಾಹ್ನದ ಊಟ ಮುಗಿಸಿ ಬಸ್ ಹಿಡಿಯುವವರೇ ಹೆಚ್ಚು. ಊರಿನ ಮೂಡಲಿಗೆ ಮಂಜು ಹೊದ್ದು ನಿಂತ ಬೆಟ್ಟದ ಸಾಲಿನ ಕಡೆ ಹೊರಡುವವರು ಬೇರೆಯೇ ಜಾತಿಯವರು. ಬೆನ್ನಿಗೊಂದು ಚೀಲ, ಕಾಲಿಗೊಂದು ಗಟ್ಟಿ ಬೂಟು. ಅವರ ಗುರಿ 1712 ಮೀಟರ್ ಎತ್ತರದ ಕುಮಾರ ಪರ್ವತ. ತಡಿಯಂಡಮೋಳನ್ನು ಬಿಟ್ಟರೆ ಕೊಡಗಿನ ಅತಿ ಎತ್ತರದ ಶಿಖರ ಇದೇ.

ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿ.ಮೀ. ನಡಿಗೆ. ಅಷ್ಟರಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಎತ್ತರ ಏರಬೇಕು. ಮೊದಲ ಭಾಗ ದಟ್ಟ ಕಾಡು. ಬಿಸಿಲು ನೆಲಕ್ಕೆ ಬೀಳುವುದಿಲ್ಲ, ಹೆಜ್ಜೆ ಹೆಜ್ಜೆಗೂ ಮರದ ಬೇರುಗಳು. ನೆಲ ಒದ್ದೆಯಿದ್ದರೆ ಉಂಬಳಗಳು ಕಾಲಿಗೆ ಕಾದಿರುತ್ತವೆ. ಬೆವರು ಸುರಿಸಿ ಏರಿದ ಮೇಲೆ ಸಿಗುವುದು ಗಿರಿಗದ್ದೆ. ಚಾರಣಿಗರಿಗೆಲ್ಲ ಪರಿಚಿತವಾದ ‘ಭಟ್ಟರ ಮನೆ’ ಇರುವುದು ಇಲ್ಲೇ. ಅಲ್ಲಿಂದಾಚೆ ಕಾಡು ಮುಗಿದು ಹುಲ್ಲುಗಾವಲು ಶುರು. ನೋಡಲು ಸೊಗಸು, ನಡೆಯಲು ಕಷ್ಟ, ನೆರಳೆಂಬುದೇ ಇಲ್ಲ. ಕಲ್ಲುಮಂಟಪ ದಾಟಿ ಶೇಷ ಪರ್ವತದ ನೆತ್ತಿಗೆ ಬಂದರೆ ಒಂದು ಕಡೆ ಎದೆ ನಡುಗಿಸುವ ಪ್ರಪಾತ. ಮತ್ತೆ ಸ್ವಲ್ಪ ಇಳಿದು, ಶೋಲಾ ಕಾಡು ಹೊಕ್ಕು, ಜಾರುವ ಬಂಡೆ ಹತ್ತಿದರೆ ಶಿಖರ. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದಲೂ ಒಂದು ದಾರಿಯುಂಟು. ಅದು ಕುಕ್ಕೆಯ ದಾರಿಗಿಂತ ಚಿಕ್ಕದು.

ಶಿಖರದ ವರ್ಣನೆ ಎಷ್ಟೋ ಸಲ ಅಚ್ಚಾಗಿದೆ. ಇಲ್ಲಿ ಹೇಳಬೇಕಾದದ್ದು ದಾರಿಯ ವಿಷಯ. ಆ ದಾರಿ ಸವೆಯುತ್ತಿದೆ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ಬೆಟ್ಟಕ್ಕೆ ಬಂದ ಜನಸಾಗರದ ಚಿತ್ರಗಳನ್ನು ನೀವೂ ನೋಡಿರಬಹುದು. ಹುಲ್ಲಿನ ಏಣಿನ ಮೇಲೆ ಜಾತ್ರೆಯ ಸಾಲಿನಂತೆ ಜನ! ಅದರ ಬೆನ್ನಿಗೇ ಸರ್ಕಾರ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮುಂದೆ ಮುಂಗಡ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಒಳ್ಳೆಯದೇ ಆಯಿತು. ಆದರೆ ಮಿತಿಯಿಂದ ಕಾಲುಗಳ ಸಂಖ್ಯೆ ಕಡಿಮೆಯಾಗುತ್ತದೆ ಅಷ್ಟೆ. ಆ ಕಾಲುಗಳು ಎಲ್ಲಿ ಬೀಳಬೇಕೆಂದು ಯಾವ ಕಂಪ್ಯೂಟರೂ ಹೇಳಿಕೊಡುವುದಿಲ್ಲ.

ದಾರಿ ಕೆಡುವುದು ಹೇಗೆ? ಬೆಟ್ಟದ ಹುಲ್ಲಿನ ಕೆಳಗಿರುವ ಮಣ್ಣಿನ ಪದರ ತೆಳು. ಹುಲ್ಲಿನ ಬೇರೇ ಅದನ್ನು ಹಿಡಿದಿಟ್ಟಿರುತ್ತದೆ. ಸುತ್ತು ಹಾದಿ ಬೇಸರವೆಂದು ಒಬ್ಬ ನೇರ ಇಳಿಯುತ್ತಾನೆ. ಅವನ ಹಿಂದೆ ಹತ್ತು ಜನ. ಹುಲ್ಲು ಸಾಯುತ್ತದೆ. ಮಳೆಗಾಲದಲ್ಲಿ ನೀರಿಗೂ ಅದೇ ಒಳದಾರಿ ಇಷ್ಟವಾಗಿ ಮಣ್ಣು ಕೊಚ್ಚಿಹೋಗಿ ಕೊರಕಲಾಗುತ್ತದೆ. ಕೊರಕಲಲ್ಲಿ ಕಾಲಿಡಲಾಗದೆ ಮುಂದಿನವರು ಪಕ್ಕದ ಹುಲ್ಲು ತುಳಿಯುತ್ತಾರೆ. ಒಂದಿದ್ದ ದಾರಿ ಮೂರಾಗುತ್ತದೆ, ನಾಲ್ಕಾಗುತ್ತದೆ. ಕೆಳಗಿನವರಿಗೂ ಇದರ ನಷ್ಟವಿದೆ. ಈ ಹುಲ್ಲು ಮತ್ತು ಶೋಲಾ ಕಾಡು ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಕುಕ್ಕೆಯಲ್ಲಿ ಭಕ್ತರು ಮೀಯುವ ಕುಮಾರಧಾರೆ ಹುಟ್ಟುವುದು ಇದೇ ಬೆಟ್ಟದಲ್ಲಿ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

ಚಾರಣ ಬಳಗಗಳ ನಿಜವಾದ ಕೆಲಸ ಇಲ್ಲಿದೆ. ಸ್ವಯಂಸೇವೆ ಎಂದರೆ ಪ್ಲಾಸ್ಟಿಕ್ ಹೆಕ್ಕುವುದು ಎಂದೇ ನಮ್ಮ ಹುಡುಗರ ತಿಳಿವಳಿಕೆ. ಹೆಕ್ಕಲೇಬೇಕು, ಸರಿ. ಬಾಟಲಿ ಹೆಕ್ಕಿದರೆ ಆ ಜಾಗ ಅವತ್ತೇ ಚೊಕ್ಕಟ. ಆದರೆ ಕೊಚ್ಚಿಹೋದ ಮಣ್ಣನ್ನು ಯಾರೂ ಹೆಕ್ಕಿ ತರಲಾರರು. ಆದ್ದರಿಂದ ದಾರಿಯ ದುರಸ್ತಿಯೇ ದೊಡ್ಡ ಸೇವೆ. ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಇಳಿಜಾರಿನಲ್ಲಿ ದಾರಿಗೆ ಓರೆಯಾಗಿ ಕಲ್ಲಿನ ಸಾಲು ಹೂಳಿದರೆ ಮಳೆನೀರು ಪಕ್ಕಕ್ಕೆ ತಿರುಗುತ್ತದೆ. ಒಳದಾರಿಯ ಎರಡು ತುದಿಗೂ ಒಣ ಕೊಂಬೆ ಅಡ್ಡ ಹಾಕಿದರೆ ಜನ ಹಳೆಯ ಹಾದಿಗೆ ಮರಳುತ್ತಾರೆ, ಹುಲ್ಲು ಚಿಗುರುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದ ಮನೆಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. ಇದು ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಅವರ ಸಿಬ್ಬಂದಿ ಜೊತೆಗಿಲ್ಲದೆ ಇಲ್ಲಿ ಒಂದು ಕಲ್ಲನ್ನೂ ಕದಲಿಸಬಾರದು. ಉತ್ಸಾಹಕ್ಕೆ ಬಿದ್ದು ಬೀಜ ಎಸೆಯುವುದು, ಗಿಡ ನೆಡುವುದು ಬೇಡವೇ ಬೇಡ. ಹುಲ್ಲುಗಾವಲು ಪಾಳುಭೂಮಿಯಲ್ಲ, ಅಲ್ಲಿ ಹುಲ್ಲೇ ಇರಬೇಕು.

ಇನ್ನು ಮನೆಯಲ್ಲಿ ಕುಳಿತು ಮಾಡುವ ಸೇವೆಯೂ ಒಂದಿದೆ. ಹೋಗಿ ಬಂದವರು ದಾರಿಯ ಸ್ಥಿತಿಯನ್ನು ಬರೆದಿಡಬೇಕು. ಯಾವ ತಿಂಗಳು ಯಾವ ಒರತೆ ಬತ್ತಿತ್ತು, ಎಲ್ಲಿ ಮರ ಬಿದ್ದಿದೆ, ಯಾವ ತಿರುವಿನಲ್ಲಿ ಜನ ದಾರಿ ತಪ್ಪುತ್ತಾರೆ ಎಂಬುದನ್ನು ದಿನಾಂಕದ ಸಮೇತ ಒಂದು ನೋಟ್‌ಬುಕ್‌ನಲ್ಲಿ ಬರೆದು, ಇಲಾಖೆಗೂ ಮುಂದಿನ ತಂಡಕ್ಕೂ ತಿಳಿಸಬೇಕು. ನಾಲ್ಕು ವರ್ಷದ ಇಂಥ ಟಿಪ್ಪಣಿ ಸೇರಿದರೆ ಅದು ಬೆಟ್ಟದ ಆರೋಗ್ಯದ ದಾಖಲೆಯೇ ಆಗುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಒಂದು ಪಾಲು ಬೆಟ್ಟಕ್ಕೆ ಸಿಗಲಿ ಎಂದು ಕಾಲೇಜುಗಳು ಯೋಚಿಸಬಹುದು.

ಮಕ್ಕಳನ್ನು ಕಳಿಸಲೋ ಬೇಡವೋ ಎಂದು ತಂದೆತಾಯಂದಿರು ಅಳುಕುವುದು ಸಹಜ. ಬಳಗದವರನ್ನು ನಾಲ್ಕು ಪ್ರಶ್ನೆ ಕೇಳಿ. ಇಲಾಖೆಯ ಅನುಮತಿ ಚೀಟಿ ಇದೆಯೇ? ತಂಡದ ಕೊನೆಯಲ್ಲಿ ನಡೆಯುವ ಅನುಭವಿ ಯಾರು? ಪ್ರಥಮ ಚಿಕಿತ್ಸೆ ಬಲ್ಲವರು ಇದ್ದಾರೆಯೇ? ಶಿಖರ ಮುಟ್ಟದಿದ್ದರೂ ಇಷ್ಟು ಹೊತ್ತಿಗೆ ಹಿಂತಿರುಗುತ್ತೇವೆ ಎಂಬ ನಿಯಮ ಇದೆಯೇ? ಕೊನೆಯ ಪ್ರಶ್ನೆಗೆ ತಡವರಿಸುವವರ ಜೊತೆ ಕಳಿಸಬೇಡಿ.

ಚಾರಣಕ್ಕೆ ಅಕ್ಟೋಬರ್‌ನಿಂದ ಜನವರಿವರೆಗಿನ ಕಾಲ ಹಿತ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ನೀರಿನ ಅಭಾವ, ಜೊತೆಗೆ ಒಣಹುಲ್ಲಿಗೆ ಬೆಂಕಿಯ ಭಯ. ಆದ್ದರಿಂದ ಕಡ್ಡಿಪೆಟ್ಟಿಗೆ ಚೀಲದಲ್ಲಿ ಇರಲೇಬಾರದು. ಶಿಖರದಲ್ಲಿ ಬಿಡಾರ ಹೂಡುವಂತಿಲ್ಲ. ತಲಾ ಮೂರು ಲೀಟರ್ ನೀರು, ಹಿಡಿತವಿರುವ ಬೂಟು, ಟೋಪಿ, ಬುತ್ತಿ ಸಾಕು. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಕುಕ್ಕೆಯಿಂದ ಸುಮಾರು 12 ಕಿ.ಮೀ. ದೂರದ ನೆಟ್ಟಣದಲ್ಲಿದೆ. ಬೆಂಗಳೂರು, ಮಂಗಳೂರುಗಳಿಂದ ಬಸ್ಸುಗಳುಂಟು. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸಿ, ಬುಕಿಂಗ್ ಮಾಡಿಸಿಕೊಂಡೇ ಬಸ್ ಹತ್ತಿ.